ಚನ್ನಪಟ್ಟಣದ ವೀಣೆಯ ತಂತಿ

ಚನ್ನಪಟ್ಟಣವೆಂದೊಡನೆ ಎಲ್ಲರ ನೆನಪಿಗೂ ಬರುವುದು ಅರಗಿನ ಬಣ್ಣದ ಬೊಂಬೆಗಳು. ಆಲೆಯ ಮರವನ್ನು ಕಡೆದು, ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವಿಕೆಯ ಬಿಸಿಯಿಂದಲೇ ಬಣ್ಣವನ್ನು ಹತ್ತಿಸುವ ಆ ಕಸಬಿಗೆ ಇಂದು ಭೌಗೋಳಿಕ ಸೂಚಕದ ರಕ್ಷಣೆಯೂ ದೊರೆತಿದೆ. ಅದರ ವಿಷಯವಾಗಿ ಬರೆದವರು ಅನೇಕರಿರುವುದರಿಂದ ಇಲ್ಲಿ ಹೆಚ್ಚಾಗಿ ಹೇಳಬೇಕಾದುದಿಲ್ಲ. ಆದರೆ ಅದೇ ಊರಿನಲ್ಲಿ ಇನ್ನೊಂದು ಕೈಗಾರಿಕೆಯೂ ಒಂದು ಕಾಲದಲ್ಲಿ ಪ್ರಸಿದ್ಧವಾಗಿದ್ದಿತು. ಅದು ವೀಣೆ ಮೊದಲಾದ ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯನ್ನು ತಯಾರಿಸುವ ಕೆಲಸ. ತಂತಿಯೆಂದರೆ ನಮ್ಮ ಜನಕ್ಕೆ ಬಹುಕಾಲ ಅಂಚೆಯ ಕಚೇರಿಯ ತಂತಿವಾರ್ತೆಯೇ ಆಗಿದ್ದಿತು; ಆ ತಂತಿಯೂ 2013ರಲ್ಲಿ ನಿಂತುಹೋಯಿತು. ವೀಣೆಯ ತಂತಿಯ ಕಥೆ ಅದಕ್ಕಿಂತ ಹಳೆಯದು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬಾತನು ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಬೆಳೆ, ಕಸಬು, ವ್ಯಾಪಾರಗಳನ್ನು ವಿಚಾರಿಸಿ ಬರೆದಿಟ್ಟನು. ಅವನ ಪ್ರವಾಸಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಚನ್ನಪಟ್ಟಣದಲ್ಲಿ ವಾದ್ಯಗಳ ಉಕ್ಕಿನ ತಂತಿಯನ್ನು ಮಾಡುತ್ತಿದ್ದರೆಂದೂ, ಅದಕ್ಕೆ ಬಹಳ ಹೆಸರಿದ್ದು ದೂರ ದೂರದ ಪ್ರಾಂತಗಳಿಗೆ ಹೋಗುತ್ತಿದ್ದಿತೆಂದೂ ಅವನಿಂದ ತಿಳಿಯುತ್ತದೆ. ನೂರು ವರ್ಷಗಳ ತರುವಾಯ, 1908ರ ಇಂಪೀರಿಯಲ್ ಗೆಜೆಟಿಯರಿನಲ್ಲಿಯೂ ಅರಗಿನ ಸಾಮಾನು, ಗಾಜಿನ ಬಳೆಗಳೊಡನೆ ಈ ತಂತಿಯ ಹೆಸರೂ ಉಂಟು. ಕೋಟೆಯ ಈಶಾನ್ಯಕ್ಕಿರುವ ಶುಕ್ರವಾರಪೇಟೆಯೇ ಈ ಕಸಬುಗಳ ನೆಲೆ.

ಚನ್ನಪಟ್ಟಣದ ಕೈಗಾರಿಕೆಗಳನ್ನೆಲ್ಲ ಟಿಪ್ಪು ಸುಲ್ತಾನನ ಕಾಲಕ್ಕೆ ಕಟ್ಟಿಬಿಡುವುದು ರೂಢಿಯಾಗಿದೆ. ಬೊಂಬೆಗಳ ವಿಷಯದಲ್ಲಿ ಐತಿಹ್ಯವು ಹಾಗೆ ಹೇಳುತ್ತದೆ, ಇರಲಿ. ತಂತಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕು. ಬುಕಾನನ್ನನು ಬಂದುದು ಎರಡು ಯುದ್ಧಗಳು ಈ ಸೀಮೆಯನ್ನು ತುಳಿದುಹೋದ ಮೇಲೆ. ನೆರೆಯ ಸಾವನದುರ್ಗವು 1791ರ ಡಿಸೆಂಬರಿನಲ್ಲಿಯೇ ಇಂಗ್ಲಿಷರ ವಶವಾಗಿದ್ದಿತು. ಅಂತಹ ಹತ್ತು ವರ್ಷಗಳಲ್ಲಿ ಹೊಸದೊಂದು ಕಸಬು ಹುಟ್ಟಿ, ಬೆಳೆದು, ದೂರದೇಶಗಳ ವಾದಕರ ವಿಶ್ವಾಸವನ್ನು ಗಳಿಸುವುದು ಸಾಧ್ಯವೆ? ವಾದಕನು ತಂತಿಯನ್ನು ಸುಲಭವಾಗಿ ನಂಬುವವನಲ್ಲ. ಒಂದು ಸಲ ಸಭೆಯ ನಡುವೆ ಹರಿದ ತಂತಿಯನ್ನು ಮತ್ತೆ ಅದೇ ಅಂಗಡಿಯಿಂದ ತರಿಸುವವರು ವಿರಳ. ಆದುದರಿಂದ ಈ ಕಸಬಿನ ಬೇರು ಇನ್ನೂ ಹಿಂದಕ್ಕೆ ಹೋಗಬೇಕೆಂದೇ ನನ್ನ ಅಭಿಪ್ರಾಯ.

ಇನ್ನು ಉಕ್ಕಿನ ವಿಷಯ. ಮೈಸೂರು ಸೀಮೆಯ ಉಕ್ಕು ಮೂಸೆಯ ಉಕ್ಕು. ಮೆದು ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಅದರೊಡನೆ ತಂಗಡಿಯ ಕಡ್ಡಿಗಳನ್ನೂ ಒಂದೆರಡು ಹಸಿ ಎಲೆಗಳನ್ನೂ ಸೇರಿಸಿ, ಬಾಯನ್ನು ಮಣ್ಣಿನಿಂದ ಮುಚ್ಚಿ, ತಿದಿಯೂದಿ ಕಾಯಿಸುತ್ತಿದ್ದರು. ಕಡ್ಡಿಯ ಇದ್ದಿಲಿನ ಅಂಶವು ಕಬ್ಬಿಣದಲ್ಲಿ ಸೇರಿ ಅದು ಕರಗಿ ಉಕ್ಕಾಗುತ್ತಿದ್ದಿತು. ಇಂಗ್ಲೆಂಡಿನ ವಿದ್ವಾಂಸರು 'ವೂಟ್ಸ್' ಎಂಬ ಹೆಸರಿನಿಂದ ಪರೀಕ್ಷಿಸಿದುದು ಇದನ್ನೇ. 1795ರಲ್ಲಿ ಜಾರ್ಜ್ ಪಿಯರ್ಸನ್ನನೂ, 1819ರಲ್ಲಿ ಮೈಕೆಲ್ ಫ್ಯಾರಡೆಯೂ ಇದರ ಮರ್ಮವನ್ನು ಹುಡುಕಿದರು. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನ ವಿಕಾರವೆಂದು ಅನೇಕರು ಊಹಿಸಿದ್ದಾರೆ. ಚಿತ್ರದುರ್ಗದ ಸೀಮೆಯ ಗಟ್ಟಿಹೊಸಹಳ್ಳಿಯಲ್ಲಿ ಇಂತಹ ಮೂಸೆಗಳ ಚೂರುಗಳು ಈಚೆಗೆ ಸಂಶೋಧಕರಿಗೆ ದೊರೆತಿವೆ. ಈ ಉಕ್ಕಿನ ಕತ್ತಿಗಳನ್ನು ಜಗತ್ತೆಲ್ಲ ಹೊಗಳಿದೆ. ಉಕ್ಕು ಕತ್ತಿಗೆ ಮಾತ್ರವಲ್ಲ, ಸ್ವರಕ್ಕೂ ಬೇಕಾಗಿದ್ದಿತೆಂಬುದನ್ನು ಹೇಳಿದವರು ಕಡಮೆ.

ವೀಣೆಯಲ್ಲಿ ನುಡಿಸುವ ತಂತಿಗಳು ನಾಲ್ಕು, ತಾಳದ ತಂತಿಗಳು ಮೂರು. ಇವುಗಳಲ್ಲಿ ಸಾರಣೆ, ಪಂಚಮ ಮತ್ತು ತಾಳದ ತಂತಿಗಳಿಗೆ ಉಕ್ಕು. ಮಂದ್ರ, ಅನುಮಂದ್ರಗಳಿಗೆ ಹಿಂದೆ ಹಿತ್ತಾಳೆ. ತಂತಿಯು ಶ್ರುತಿಗೆ ನಿಂತರೆ ಮಾತ್ರ ಸಾಲದು. ಗಮಕಕ್ಕಾಗಿ ವೈಣಿಕನು ಮೆಟ್ಟಿಲಿನ ಮೇಲೆಯೇ ತಂತಿಯನ್ನು ಪಕ್ಕಕ್ಕೆ ಎಳೆದು ಮುಂದಿನ ಎರಡು ಮೂರು ಸ್ವರಗಳನ್ನು ಹೊರಡಿಸುತ್ತಾನೆ. ಬೆರಳು ಸಡಿಲಿಸಿದೊಡನೆ ತಂತಿಯು ಕೂದಲೆಳೆಯಷ್ಟೂ ಹೆಚ್ಚು ಕಡಮೆಯಿಲ್ಲದೆ ಮೊದಲಿನ ಶ್ರುತಿಗೆ ಹಿಂದಿರುಗಬೇಕು. ಮೆದು ಕಬ್ಬಿಣವಾದರೆ ಹಿಗ್ಗಿಹೋಗುತ್ತದೆ. ಅತಿ ಗಡುಸಾದ ಉಕ್ಕಾದರೆ ಹರಿಯುತ್ತದೆ. ತಂತಿಯೆಳೆಯುವವನ ಕಷ್ಟವೂ ಇಲ್ಲಿಯೇ. ತೂತುಗಳುಳ್ಳ ಪಟ್ಟಿಯಲ್ಲಿ ದೊಡ್ಡ ತೂತಿನಿಂದ ಸಣ್ಣ ತೂತಿಗೆ ಸರಿಗೆಯನ್ನು ಎಳೆದಷ್ಟೂ ಅದು ಗಡುಸಾಗುವುದರಿಂದ ನಡುನಡುವೆ ಬೆಂಕಿಯಲ್ಲಿ ಕಾಯಿಸಿ ಹದಕ್ಕೆ ತರಬೇಕು. ಕಡೆಯ ಎಳೆತಗಳನ್ನು ಕಾಯಿಸದೆಯೇ ಮುಗಿಸಿದರೆ ತಂತಿಗೆ ಬಿಗಿಯೂ ನಾದವೂ ಬರುತ್ತವೆ. ಎಲ್ಲಿ ಕಾಯಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಕಣ್ಣಿನ ಮತ್ತು ಕೈಯ ಅಭ್ಯಾಸ. ಯುರೋಪಿನ ಪಿಯಾನೋಗಳಿಗೆ ಇನ್ನೂ ಸಾಮಾನ್ಯವಾಗಿ ಕಬ್ಬಿಣ, ಹಿತ್ತಾಳೆಗಳ ತಂತಿಯನ್ನೇ ಬಿಗಿಯುತ್ತಿದ್ದ ಕಾಲದಲ್ಲಿ ನಮ್ಮ ಪೇಟೆಯೊಂದರ ಕಮ್ಮಾರರು ಉಕ್ಕಿನ ತಂತಿಯನ್ನು ಮಾರುತ್ತಿದ್ದರೆಂಬುದು ಸಾಮಾನ್ಯ ಸಂಗತಿಯಲ್ಲ.

19ನೆಯ ಶತಮಾನದ ನಡುವಿನಿಂದ ಯುರೋಪಿನ ಯಂತ್ರಗಳು ಒಂದೇ ಸಮನಾದ ಉಕ್ಕಿನ ತಂತಿಯನ್ನು ರಾಶಿರಾಶಿಯಾಗಿ ತಯಾರಿಸತೊಡಗಿದುವು. 1880ರ ಹೊತ್ತಿನಲ್ಲಿ ಬೆಂಗಳೂರು ಮೈಸೂರುಗಳ ನಡುವೆ ರೈಲು ಬಂದಿತು. ಇದ್ದಿಲಿಗಾಗಿ ಕಾಡನ್ನೇ ನೆಚ್ಚಿದ್ದ ಮೂಸೆಯ ಕುಲುಮೆಗಳು ಆ ಶತಮಾನದ ಕೊನೆಯ ವೇಳೆಗೆ ಕ್ಷೀಣಿಸಿದುವು. 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣವು ಹೊರಬಂದಾಗ, ಅದು ಬೇರೊಂದು ವಿದ್ಯೆಯ ಫಲವಾಗಿದ್ದಿತು. ಬೊಂಬೆಯ ಕಸಬು ಉಳಿಯಿತು. ಅದಕ್ಕೆ ಬೇಕಾದ ಮರವೂ ಅರಗೂ ಊರ ಸುತ್ತಿನ ನಾಡಿನಲ್ಲಿಯೇ ದೊರೆಯುತ್ತಿದ್ದುವು, ಕೊಳ್ಳುವವನು ಕಣ್ಣಿಂದ ನೋಡಿಯೇ ಮೆಚ್ಚುತ್ತಿದ್ದನು. ತಂತಿಗೆ ಆ ಭಾಗ್ಯವಿರಲಿಲ್ಲ.

ವೀಣೆ ಶೇಷಣ್ಣನವರ (1852–1926) ಕಾಲದ ವೀಣೆಗಳನ್ನು ನಾವು ಕಾಪಾಡಿಕೊಂಡಿದ್ದೇವೆ. ಕೊಡ, ದಂಡಿ, ಯಾಳಿಯ ಮುಖ, ದಂತದ ಕೆತ್ತನೆಗಳನ್ನು ವರ್ಣಿಸುತ್ತೇವೆ. ತಂತಿಯಾದರೋ ಸವೆದೊಡನೆ ಬಿಚ್ಚಿ ಎಸೆಯುವ ವಸ್ತು. ತನ್ನ ಸಾಕ್ಷ್ಯವನ್ನು ತಾನೇ ಅಳಿಸುತ್ತ ಹೋದ ಕಸಬಿದು. ಆದರೂ ಹಳೆಯ ಮನೆಗಳ ವೀಣೆಯ ಪೆಟ್ಟಿಗೆಗಳಲ್ಲಿ, ಬಿರಡೆಯ ಸುತ್ತ ಉಳಿದ ತುಣುಕುಗಳಲ್ಲಿ, ತುಕ್ಕುಹಿಡಿದ ಸುರುಳಿಗಳು ಇರಬಹುದು. ಒಂದು ಅಂಗುಲದಷ್ಟು ತಂತಿ ಸಿಕ್ಕಿದರೂ ಸೂಕ್ಷ್ಮದರ್ಶಕದ ಕೆಳಗೆ ಅದರ ಕಣರಚನೆಯನ್ನು ನೋಡಿ, ಅದು ಮೂಸೆಯ ಉಕ್ಕೋ ವಿಲಾಯತಿಯ ಸರಕೋ ಎಂದು ವಿಚಾರಿಸಲು ಈಗ ಸಾಧನಗಳುಂಟು. ಅಂತಹ ಪೆಟ್ಟಿಗೆಯುಳ್ಳ ವಾಚಕರು ಅದನ್ನು ಗುಡಿಸಿ ಶುಚಿಮಾಡುವ ಮುನ್ನ ಒಮ್ಮೆ ಒಳಗೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.