ಕ್ಯಾಂಡಿ ಸಕ್ಕರೆ ಮತ್ತು ಧ್ರುವಣಮಾಪಕ

ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ನೀವು ಧ್ರುವಣಮಾಪಕವನ್ನು ಬಳಸಿರುತ್ತೀರಿ. 100 ಮಿಲಿಲೀಟರ್ ದ್ರಾವಣದಲ್ಲಿ 10 ಗ್ರಾಂ ಸಕ್ಕರೆ, 20 ಸೆಂಟಿಮೀಟರ್ ಉದ್ದದ ನಳಿಕೆ. ಸೋಡಿಯಂ ಬೆಳಕಿನ ಧ್ರುವಣತಲ ಬಲಕ್ಕೆ ಸುಮಾರು 13.3 ಡಿಗ್ರಿ ತಿರುಗುತ್ತದೆ. ಲೆಕ್ಕ ಬರೆದು ನಳಿಕೆ ತೊಳೆದಿಟ್ಟರೆ ಪ್ರಯೋಗ ಮುಗಿಯಿತು. ಬಿಯರ್ ತಯಾರಕರ ಒಂದು ಹಳೆಯ ತಕರಾರಿಗೂ ಈ ಉಪಕರಣದಲ್ಲೇ ಉತ್ತರವಿದೆ ಎಂದರೆ ನಿಮಗೆ ಅಚ್ಚರಿಯಾದೀತು. (ಬಿಯರಿನ ರುಚಿ ನೋಡಿದವನು ನಾನಲ್ಲ, ನನ್ನ ಆಸಕ್ತಿಯೆಲ್ಲ ಸಕ್ಕರೆಯಲ್ಲಿ.)

ಮನೆಯಲ್ಲಿ ಬಿಯರ್ ತಯಾರಿಸಲು ಅಮೆರಿಕದ ಕೇಂದ್ರ ಸರ್ಕಾರದ ಕಾನೂನು ಒಪ್ಪಿದ್ದು 1978ರಲ್ಲಿ. ಮುಂದೆ ಬೆಲ್ಜಿಯಂ ಮಾದರಿಗೆ ಕೈಹಾಕಿದ ಹವ್ಯಾಸಿಗಳಿಗೆ 'ಕ್ಯಾಂಡಿ ಸಕ್ಕರೆ' ಎಂಬ ಪದಾರ್ಥ ಎದುರಾಯಿತು. ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಸಿಗುತ್ತಿದ್ದುದು ನಮ್ಮ ಕಲ್ಲುಸಕ್ಕರೆಯಂಥ ಹರಳು. ಹೆಸರೂ ನಮ್ಮದೇ: ಸಂಸ್ಕೃತದ 'ಖಂಡ' ಪಾರಸಿ, ಅರಬ್ಬಿಗಳ ಮೂಲಕ ಯೂರೋಪಿಗೆ ಹೋಗಿ 'ಕ್ಯಾಂಡಿ' ಆಯಿತು. ಇದು ವಿಶೇಷವಾದ 'ವಿಲೋಮ ಸಕ್ಕರೆ', ಬದಲಿಗೆ ಸಾಮಾನ್ಯ ಸಕ್ಕರೆ ಹಾಕಿದರೆ ಬಿಯರ್ ಕೆಡುತ್ತದೆ ಎಂಬ ನಂಬಿಕೆ ಹರಡಿತು. ಕೆಲವರು ಸಕ್ಕರೆಗೆ ಸಿಟ್ರಿಕ್ ಆಮ್ಲ ಬೆರೆಸಿ ಗಂಟೆಗಟ್ಟಲೆ ಕುದಿಸತೊಡಗಿದರು.

ಬೆಲ್ಜಿಯಂ ಬಿಯರಿಗೆ ಸಕ್ಕರೆಯೇಕೆ? ಬೀಟ್ ಗೆಡ್ಡೆಯಲ್ಲಿ ಸಕ್ಕರೆಯಿರುವುದನ್ನು ಮಾರ್ಗ್‌ಗ್ರಾಫ್ 1747ರಲ್ಲೇ ತೋರಿಸಿದ್ದ. ಬ್ರಿಟನ್ನಿನೊಡನೆ ಯುದ್ಧದಿಂದ ಕಬ್ಬಿನ ಸಕ್ಕರೆ ದುರ್ಲಭವಾದಾಗ, 1811ರಲ್ಲಿ, ನೆಪೋಲಿಯನ್ ಬೀಟ್ ಬೇಸಾಯಕ್ಕೆ ಆಜ್ಞೆ ಹೊರಡಿಸಿದ. ಬೆಲ್ಜಿಯಂ ಆಗ ಫ್ರಾನ್ಸಿನ ಭಾಗ. 1919ರ ವಾಂಡರ್‌ವೆಲ್ಡೆ ಕಾನೂನು ಸಾರ್ವಜನಿಕ ಪಾನಗೃಹಗಳಲ್ಲಿ ಬಟ್ಟಿಯಿಳಿಸಿದ ಮದ್ಯದ ಮಾರಾಟವನ್ನು ನಿಷೇಧಿಸಿತು. ತೀಕ್ಷ್ಣ ಬಿಯರಿಗೆ ಬೇಡಿಕೆ ಬಂತು. ಮಾಲ್ಟಿನ ಡೆಕ್ಸ್‌ಟ್ರಿನ್‌ಗಳನ್ನು ಯೀಸ್ಟ್ ಹುದುಗಿಸಲಾರದು, ಅವು ಉಳಿದು ಬಿಯರನ್ನು ಮಂದವಾಗಿಸುತ್ತವೆ. ಸಕ್ಕರೆಯಾದರೋ ಪೂರ್ತಿ ಹುದುಗುತ್ತದೆ. ಮದ್ಯಸಾರ ಏರುತ್ತದೆ, ಪಾನೀಯ ತೆಳುವಾಗಿಯೇ ಇರುತ್ತದೆ.

ಇನ್ನು 'ವಿಲೋಮ'ದ ವಿಚಾರ. ಸಕ್ಕರೆ ದ್ರಾವಣಕ್ಕೆ ಆಮ್ಲ ಬೆರೆಸಿದರೆ ಬಲಕ್ಕಿದ್ದ ಭ್ರಮಣ ಕ್ರಮೇಣ ಎಡಕ್ಕೆ ತಿರುಗುವುದನ್ನು 1830ರ ದಶಕದಲ್ಲಿ ಫ್ರೆಂಚ್ ಭೌತವಿಜ್ಞಾನಿ ಬಿಯೊ ಗಮನಿಸಿದ. ಸುಕ್ರೋಸ್ ಅಣು ನೀರಿನೊಡನೆ ವರ್ತಿಸಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಗ್ಲೂಕೋಸಿನ ವಿಶಿಷ್ಟ ಭ್ರಮಣ ಸುಮಾರು +52.7, ಫ್ರಕ್ಟೋಸಿನದು ಸುಮಾರು −92. ಸರಾಸರಿ −20ರ ಆಸುಪಾಸು. 'ವಿಲೋಮ' ಎಂದರೆ ಇಷ್ಟೇ, ಬೆಳಕಿನ ದಿಕ್ಕು ಬದಲಾಯಿತು. ನಿಮ್ಮ ನಳಿಕೆಯಲ್ಲಿ +13.3 ಡಿಗ್ರಿ ಇದ್ದದ್ದು ಸುಮಾರು −4 ಡಿಗ್ರಿಗೆ ಬರುತ್ತದೆ. 1850ರಲ್ಲಿ ವಿಲ್ಹೆಲ್ಮಿ ಈ ಬದಲಾವಣೆಯನ್ನು ಗಡಿಯಾರ ಹಿಡಿದು ಅಳೆದ; ರಾಸಾಯನಿಕ ಕ್ರಿಯೆಯ ವೇಗಕ್ಕೆ ಗಣಿತದ ನಿಯಮ ದೊರಕಿದ್ದು ಅಲ್ಲಿ. 1860ರಲ್ಲಿ ಬರ್ತೆಲೋ ಯೀಸ್ಟಿನಿಂದಲೇ ಈ ಕೆಲಸ ಮಾಡುವ ಪದಾರ್ಥವನ್ನು ಬೇರ್ಪಡಿಸಿದ. ಅದೇ ಇನ್ವರ್ಟೇಸ್ ಕಿಣ್ವ.

ಕಿಣ್ವದ ಬಹುಪಾಲು ಇರುವುದು ಯೀಸ್ಟಿನ ಕೋಶಪೊರೆಯ ಹೊರಗೆ, ಕೋಶಭಿತ್ತಿಯ ಬಳಿ. ಹಾಗಾಗಿ ಸಕ್ಕರೆ ಕೋಶದೊಳಗೆ ಹೋಗುವ ಮುನ್ನವೇ ಒಡೆಯುತ್ತದೆ. ಗಂಟೆಗಟ್ಟಲೆ ಕುದಿಸುವವರು ಯೀಸ್ಟ್ ಬಿಟ್ಟಿಯಾಗಿ ಮಾಡುವುದನ್ನು ಉರುವಲು ಸುಟ್ಟು ಮಾಡುತ್ತಿದ್ದರು! ವಿಲೋಮ ಸಕ್ಕರೆ ಹರಳುಗಟ್ಟಲು ಒಪ್ಪುವುದಿಲ್ಲ. ಮಿಠಾಯಿಗಾರರು ಅದನ್ನು ಬಳಸುವುದೇ ಅದಕ್ಕೆ. ಅಂದಮೇಲೆ ಹೊಳೆಯುವ ದೊಡ್ಡ ಹರಳು ತಾನು ಸುಕ್ರೋಸ್ ಎಂದು ತಾನೇ ಹೇಳುತ್ತಿತ್ತು. ಸಂಶಯವಿದ್ದವರು ಒಂದು ತುಂಡನ್ನು ಕರಗಿಸಿ ನಳಿಕೆಗೆ ಸುರಿಯಬಹುದಿತ್ತು.

ಹೀಗಾಗಿ ತಿಳಿಬಣ್ಣದ ಬಿಯರಿಗೆ 1 ಕಿಲೋ ಹರಳಿನ ಬದಲು 1 ಕಿಲೋ ಅಡುಗೆಮನೆಯ ಸಕ್ಕರೆ ಸಾಕು. ಗ್ಲೂಕೋಸ್ ಪುಡಿ ಹಾಕುವುದಾದರೆ ಅದರ ಪ್ರತಿ ಅಣುವಿಗೂ ಒಂದು ನೀರಿನ ಅಣು ಅಂಟಿರುವುದನ್ನು ಮರೆಯಬೇಡಿ: 342 ಗ್ರಾಂ ಸುಕ್ರೋಸಿಗೆ 396 ಗ್ರಾಂ, ಅಂದರೆ ಕಿಲೋಗೆ 1.16 ಕಿಲೋ.

ಕಡುಬಣ್ಣದ ಬಿಯರಿನ ಮಾತು ಬೇರೆ. 2005ರಲ್ಲಿ ಪ್ರಕಟವಾದ 'ಬ್ರೂ ಲೈಕ್ ಎ ಮಾಂಕ್' ಪುಸ್ತಕದಲ್ಲಿ ಸ್ಟಾನ್ ಹೈರೋನಿಮಸ್ ವಿವರಿಸಿದಂತೆ, ಅಲ್ಲಿನ ತಯಾರಕರು ಬಣ್ಣಕ್ಕೂ ಪರಿಮಳಕ್ಕೂ ಬಳಸುವುದು ಹರಳನ್ನಲ್ಲ, ಕಪ್ಪು ಪಾಕವನ್ನು. ಸಕ್ಕರೆ ಕಾಯ್ದು ಕಂದುಗಟ್ಟುವಾಗ ಹುಟ್ಟುವ ಹತ್ತಾರು ಸಂಯುಕ್ತಗಳು ಅದರಲ್ಲಿವೆ. ಬಿಳಿ ಸಕ್ಕರೆಯಿಂದ ಅವು ಬರುವುದಿಲ್ಲ. ಬೆಲ್ಲ ಹಾಕಿದರೆ ಬಣ್ಣ ಬರುತ್ತದೆ, ಜೊತೆಗೆ ಬೆಲ್ಲದ ವಾಸನೆಯೂ ಬರುತ್ತದೆ.