ಹಳೆ ಪೆಟ್ಟಿಗೆಗೂ ಹೊಸ ಪೆಟ್ಟಿಗೆಗೂ ಆದ ಜಗಳ

"ಅಮೇರಿಕಲ್ಲಿ ಮಗಳ ಬಾಣಂತನಕ್ಕೆ ಹೋಗಿಪ್ಪಗ ಎಂತೆಲ್ಲ ನೋಡಿದೆ, ರಜ ಬರೆ" ಹೇಳಿ ಸಣ್ಣತ್ತೆ ಕೇಳಿಗೊಂಡೇ ಇದ್ದವು. ಹಿಮ ಬಿದ್ದದು, ಮರದ ಎಲೆ ಕೆಂಪಾದ್ದು ಎಲ್ಲ ಬೇರೆಯವು ಬರದಾಯಿದು. ಹಾಂಗಾಗಿ ಆನು ಒಂದು ಜಗಳದ ಕತೆ ಬರೆತ್ತೆ. ಆಸ್ತಿಯ ಜಗಳ ಅಲ್ಲ, ಚಿನ್ನದ್ದೂ ಅಲ್ಲ. ಒಂದು ಆಟದ ಪೆಟ್ಟಿಗೆಯ ಜಗಳ. ಅದರ ಹಿಂದೆ ಹತ್ತತ್ರ ನೂರು ವರ್ಷದ ಚರಿತ್ರೆ ಇದ್ದು ಹೇಳಿ ಎನಗೆ ಮತ್ತೆ ಗೊಂತಾದ್ದು.

2018ರ ದಶಂಬರ ತಿಂಗಳು. ಬೋಸ್ಟನ್ ಹತ್ತರೆ ಮಗಳ ಮನೆ. ಶನಿವಾರ ಇರುಳು ಬಾಬೆಯನ್ನೂ ಮಗಳನ್ನೂ ಒರಗುಸಿ ಆನು ಹೆರ ಬಂದು ನೋಡಿರೆ ಊಟದ ಮೇಜೇ ಕಾಂತಿಲ್ಲೆ! ಅಳಿಯನೂ ಅವರ ಮೂರು ಜನ ದೋಸ್ತಿಗಳೂ ಕೂದೊಂಡು ಒಂದು ಊರಿನ ದೊಡ್ಡ ಪಟವ ಹರಗಿದ್ದವು. ಅದರ ಕರೆಲಿ ರಾಶಿ ರಾಶಿ ಕಾರ್ಡು, ಬಿಲ್ಲೆ, ದಾಳ. ಉಪ್ಪಿನಕಾಯಿ ಕುಪ್ಪಿ ಮಡುಗಲೂ ಜಾಗೆ ಇಲ್ಲೆ.

"ಇದೆಂತರ?" ಕೇಳಿದೆ.

"ಅತ್ತೆ, ಇದು ಹೆದರಿಕೆಯ ಆಟ. ಊರಿಂಗೆ ರಾಕ್ಷಸರು ಬತ್ತವು, ಎಂಗೊ ಎಲ್ಲೋರೂ ಸೇರಿ ತಡೆಯೆಕ್ಕು" ಹೇಳಿದವು ಅಳಿಯ.

ಆಟದ ಹೆಸರು 'ಆರ್ಕಮ್ ಹಾರರ್'. ಆರ್ಕಮ್ ಹೇಳುದು ಆ ಊರಿನ ಹೆಸರು. ಮಗಳ ಮನೆ ಇಪ್ಪ ಮ್ಯಾಸಚೂಸೆಟ್ಸ್ ರಾಜ್ಯಲ್ಲೇ ಆ ಊರು ಇಪ್ಪದಡ. ಆದರೆ ನಕ್ಷೆಲಿ ಹುಡ್ಕಿರೆ ಸಿಕ್ಕ. ಎಚ್. ಪಿ. ಲವ್‌ಕ್ರಾಫ್ಟ್ ಹೇಳ್ತ ಕತೆಗಾರ° ಕಟ್ಟಿದ ಊರು ಅದು. ಅವ° 1890ರಲ್ಲಿ ಪ್ರಾವಿಡೆನ್ಸ್ ಹೇಳ್ತ ಪೇಟೆಲಿ ಹುಟ್ಟಿ, 1937ರಲ್ಲಿ ಅಲ್ಲಿಯೇ ತೀರಿಹೋದ°. ಬದುಕಿಪ್ಪಗ ಪೈಸೆಯೂ ಇಲ್ಲೆ, ದೊಡ್ಡ ಹೆಸರೂ ಇಲ್ಲೆ. ಅಗ್ಗದ ಮಾಸಪತ್ರಿಕೆಗೊಕ್ಕೆ ಕತೆ ಬರದೊಂಡು ಇತ್ತಿದ್ದ°. ಕ್ತುಲು ಹೇಳ್ತ ಅವನ ದೈತ್ಯ ಜನಂಗೊಕ್ಕೆ ಕಂಡದು 1928ರಲ್ಲಿ, 'ವಿಯರ್ಡ್ ಟೇಲ್ಸ್' ಹೇಳ್ತ ಪತ್ರಿಕೆಲಿ.

ನಮ್ಮ ಊರಿನ ಭೂತಂಗೊಕ್ಕೆ ನಮ್ಮ ಮೇಲೆ ಕಣ್ಣು ಇದ್ದು. ಕೋಪ ಬಂದರೆ ತಂಬಿಲ ಕೊಟ್ಟು, ತಪ್ಪಾತು ಹೇಳಿರೆ ಸಮಾಧಾನ ಆವುತ್ತವು. ಲವ್‌ಕ್ರಾಫ್ಟಿನ ದೈತ್ಯಂಗೊ ಹಾಂಗಲ್ಲ. ಅವಕ್ಕೆ ಮನುಷ್ಯರು ಇದ್ದವೋ ಇಲ್ಲೆಯೋ ಹೇಳಿಯೇ ಲೆಕ್ಕ ಇಲ್ಲೆ. ನಾವು ದಾರಿಲಿ ಹೋಪಗ ಕಾಲಡಿಲಿ ಎರುಗು ಇದ್ದೋ ಹೇಳಿ ನೋಡ್ತೋ? ಅಷ್ಟೇ. ಅವನ ಕತೆಯ ಹೆದರಿಕೆ ಇಪ್ಪದು ಅಲ್ಲಿ. ಇನ್ನೊಂದು ಮಾತನ್ನೂ ಮುಚ್ಚಿ ಮಡುಗಲಾಗ: ಬೇರೆ ಬಣ್ಣದ, ಬೇರೆ ದೇಶದ ಜನಂಗಳ ಮೇಲೆ ಅವಂಗೆ ಇದ್ದ ತಾತ್ಸಾರ ಕತೆಗಳಲ್ಲೂ ಕಾಣ್ತು. ಈಗಾಣ ಆಟಲ್ಲಿ ಹೆದರಿಕೆಯ ಮಡಿಕ್ಕೊಂಡು ಆ ತಾತ್ಸಾರವ ಬಿಟ್ಟಿದವು. ಎಲ್ಲ ಬಣ್ಣದವೂ ಅದರ್ಲಿ ಊರು ಕಾವವೇ.

ಕತೆ ಆಟ ಆದ್ದು ಹೇಂಗೆ? 1981ರಲ್ಲಿ ಕೇಯಾಸಿಯಂ ಹೇಳ್ತ ಕಂಪೆನಿ ಇದೇ ಕತೆಗಳ ಹಿಡ್ಕೊಂಡು, ಕೂದು ಮಾತಿಲ್ಲೇ ವೇಷ ಕಟ್ಟಿ ಆಡುವ ಒಂದು ಆಟವ ಹೆರ ತಂತು. ಮತ್ತೆ 1987ರಲ್ಲಿ ರಿಚರ್ಡ್ ಲೌನಿಯಸ್ ಹೇಳ್ತವು ಮಾಡಿದ 'ಆರ್ಕಮ್ ಹಾರರ್' ಬಂತು. ಪಗಡೆಲಿ, ಚದುರಂಗಲ್ಲಿ ಒಬ್ಬ° ಗೆದ್ದರೆ ಇನ್ನೊಬ್ಬ° ಸೋಲೆಕ್ಕು. ಇದರ್ಲಿ ಹಾಂಗಿಲ್ಲೆ, ಗೆದ್ದರೆ ಎಲ್ಲೋರೂ ಗೆದ್ದವು, ಸೋತರೆ ಎಲ್ಲೋರೂ ಸೋತವು. ಆಟವೇ ಎದುರಾಳಿ. ಆ ಕಾಲಕ್ಕೆ ಹಾಂಗಿಪ್ಪ ಆಟ ಅಪರೂಪವೇ. ಆ ವರ್ಷದ ಒರಿಜಿನ್ಸ್ ಪ್ರಶಸ್ತಿಯೂ ಅದಕ್ಕೆ ಸಿಕ್ಕಿತ್ತು. ಮಾರಾಟ ಆಗಿ ಮುಗುದ ಮತ್ತೆ ಹೊಸ ಆವೃತ್ತಿ ಬಪ್ಪಲೆ 18 ವರ್ಷ ಬೇಕಾತು. ಪೆಟ್ಟಿಗೆ ಇದ್ದವು ಅದರ ಜಾಗ್ರತೆಲಿ ಮಡಿಕ್ಕೊಂಡು ಆಡಿದವು.

2005ರಲ್ಲಿ ಫ್ಯಾಂಟಸಿ ಫ್ಲೈಟ್ ಹೇಳ್ತ ಕಂಪೆನಿ ಅದರ ಪುನಃ ತಂತು. ಲೌನಿಯಸ್ಸಿನ ಒಟ್ಟಿಂಗೆ ಕೆವಿನ್ ವಿಲ್ಸನ್ ಹೇಳ್ತವು ಸೇರಿ ಆಟವ ಬಿಚ್ಚಿ ಪುನಃ ಕಟ್ಟಿದವು. ಕಾಲ 1926. ಊರು ಕಾವಲೆ 16 ಜನ, ಅವರ ನುಂಗಲೆ 8 ದೊಡ್ಡ ದೈತ್ಯಂಗೊ. ಆಡುವಗ ಎಂಟರಲ್ಲಿ ಒಂದರ ಆಯ್ಕೆ ಮಾಡುದು. ದಾಳಲ್ಲಿ 5 ಅಥವಾ 6 ಬಿದ್ದರೆ ಗೆದ್ದ ಲೆಕ್ಕ. ಆಶೀರ್ವಾದ ಇದ್ದರೆ 4 ಬಿದ್ದರೂ ಸಾಕು, ಶಾಪ ಇದ್ದರೆ 6 ಬೀಳೆಕ್ಕೇ. ಊರಿನ ಮೂಲೆಮೂಲೆಲಿ ಬೇರೆ ಲೋಕದ ಬಾಗಿಲು ತೆಗೆತ್ತು. ಅದರ ಒಳ ಹೋಗಿ, ಜೀವಲ್ಲಿ ತಿರುಗಿ ಬಂದು, ಬಾಗಿಲು ಮುಚ್ಚೆಕ್ಕು. 2006ರಿಂದ 2011ರ ವರೆಗೆ ಅದಕ್ಕೆ ಸೇರುಸುಲೆ 8 ಪೆಟ್ಟಿಗೆ ಬೇರೆ ಬಂತು. ಮೂರರಲ್ಲಿ ಹೊಸ ಹೊಸ ಊರೇ ಇದ್ದು: ಡನ್‌ವಿಚ್, ಕಿಂಗ್ಸ್‌ಪೋರ್ಟ್, ಇನ್ಸ್‌ಮತ್. ಎಲ್ಲ ಹರಗಿರೆ ನಮ್ಮ ಚಾವಡಿಯೇ ಬೇಕು.

ಆಡುವವರ ಸಂಭ್ರಮ ನೋಡೆಕ್ಕು ನಿಂಗೊ! ಅಳಿಯ ಬಿಲ್ಲೆಗಳ ಎಲ್ಲ ಒಂದು ಖಾನೆ ಖಾನೆಯ ಡಬ್ಬಿಲಿ ವಿಂಗಡಿಸಿ ಮಡಿಕ್ಕೊಂಡಿತ್ತಿದ್ದವು, ನಮ್ಮ ಸಾಸಮೆ ಜೀರಿಗೆ ಮೆಂತೆಯ ಡಬ್ಬಿಯ ಹಾಂಗೇ. ಈ ಆಟಕ್ಕೆ ಹೇಳಿಯೇ ಒಬ್ಬ° ಅಭಿಮಾನಿ 'ಸ್ಟ್ರೇಂಜ್ ಇಯಾನ್ಸ್' ಹೇಳ್ತ ಸಾಫ್ಟ್‌ವೇರ್ ಮಾಡಿ ಎಲ್ಲೋರಿಂಗೂ ಕೊಟ್ಟಿದ°. ಅದರ್ಲಿ ಯಾರು ಬೇಕಾರೂ ತಮ್ಮದೇ ಪಾತ್ರ, ತಮ್ಮದೇ ಕಾರ್ಡು ಮಾಡಿಗೊಂಬಲೆ ಎಡಿತ್ತು. ಅಳಿಯ ಮಗಳ ಹೆಸರಿಲಿ ಒಂದು ಕಾರ್ಡು ಮಾಡಿದ್ದವು! ಅದರ ಶಕ್ತಿ ಎಂತ ಕೇಳಿರೆ, "ಎದುರಾಳಿಯ ಮಾತು ನಿಲ್ಸುದು" ಅಡ.

ಹೀಂಗಿಪ್ಪಗ 2018ರಲ್ಲಿ ಮೂರನೇ ಆವೃತ್ತಿ ಬಂತು. ಮಾಡಿದ್ದು ನಿಕ್ಕಿ ವೇಲೆನ್ಸ್ ಹೇಳ್ತವು. ಊರಿನ ದೊಡ್ಡ ಪಟ ಹೋತು. ಕೇರಿ ಕೇರಿಯ ತುಂಡು ಹಲಗೆಗೊ ಬಂತು, ಕತೆಗೆ ತಕ್ಕ ಹಾಂಗೆ ಜೋಡುಸುದು. ದೈತ್ಯನ ಆಯ್ಕೆ ಮಾಡುದು ಹೋಗಿ, ಕತೆಯ ಆಯ್ಕೆ ಮಾಡುದು ಬಂತು. ಆಡಿದ ಹಾಂಗೆ ಸಂಖ್ಯೆ ಹಾಕಿದ ಕಾರ್ಡು ಒಂದೊಂದೇ ತೆಗದು ಓದೆಕ್ಕು; ಗೆಲ್ಲುಲೆ ಎಂತ ಮಾಡೆಕ್ಕು ಹೇಳಿ ಶುರುವಿಲಿ ಗೊಂತಾವುತ್ತಿಲ್ಲೆ. ಬಾಗಿಲಿನ ಒಳ ಹೊಕ್ಕು ಬೇರೆ ಲೋಕಕ್ಕೆ ಹೋಪ ಕ್ರಮ ಮದಲಾಣ ಹಾಂಗೆ ಒಳುದ್ದಿಲ್ಲೆ. ಪಾತ್ರ 16 ಇದ್ದದು 12 ಆತು. ಪೆಟ್ಟಿಗೆಲಿ ನಾಲ್ಕೇ ಕತೆ. ಎಲ್ಲದಕ್ಕಿಂತ ದೊಡ್ಡ ಸಂಗತಿ ಎಂತ ಹೇಳಿರೆ, ಹಳೆ ಎಂಟು ಪೆಟ್ಟಿಗೆಯ ಯಾವ ಸಾಮಾನೂ ಹೊಸ ಆಟಕ್ಕೆ ಸೇರ್ತಿಲ್ಲೆ.

ಅಭಿಮಾನಿಗೊ ಎರಡು ಪಂಗಡ ಆದವು. "ಈಗ ಆಟ ಹಗುರ ಆತು, ಕತೆ ಸರಿಯಾಗಿ ನಡೆತ್ತು, ಹೊಸಬ್ಬಂಗೆ ಕಲ್ತುಗೊಂಬಲೆ ಸುಲಭ" ಹೇಳಿ ಒಂದು ಕಡೆ. "ನಾಲ್ಕು ಕತೆ ಎರಡೆರಡು ಸರ್ತಿ ಆಡಿರೆ ಮುಗುತ್ತು, ಮತ್ತೆಂತ ಮಾಡುದು? ಹಳತ್ತರಲ್ಲಿ ಎಂತ ಅಕ್ಕು ಹೇಳಿ ಆರಿಂಗೂ ಗೊಂತಿತ್ತಿಲ್ಲೆ, ಆ ಗೊಂದಲವೇ ಅದರ ಚೆಂದ" ಹೇಳಿ ಇನ್ನೊಂದು ಕಡೆ. ಕತೆ ಕಮ್ಮಿ ಹೇಳುದಕ್ಕೆ 2019ರಿಂದ 2021ರ ಒಳ ಮೂರು ಪೆಟ್ಟಿಗೆ ಬಂದು ರಜ ಸಮಾಧಾನ ಆತು. ಎರಡನೇ ದೂರು ಈಗಳೂ ಇದ್ದು.

ಎರಡು ವರ್ಷ ಮದಲು, 2016ರಲ್ಲಿ, ಇದೇ ವೇಲೆನ್ಸ್ 'ಮ್ಯಾನ್ಶನ್ಸ್ ಆಫ್ ಮ್ಯಾಡ್ನೆಸ್' ಹೇಳ್ತ ಇನ್ನೊಂದು ಹೆದರಿಕೆ ಆಟದ ಎರಡನೇ ಆವೃತ್ತಿ ಮಾಡಿತ್ತಿದ್ದವು. 2011ರ ಮದಲಾಣ ಆವೃತ್ತಿಲಿ ಆಡುವವರಲ್ಲೇ ಒಬ್ಬ° ದೈತ್ಯಂಗಳ ಪಕ್ಷ ಹಿಡುದು ಉಳುದವರ ಕಾಡೆಕ್ಕು. ಎರಡನೇದರಲ್ಲಿ ಆ ಕೆಲಸವ ಮೊಬೈಲಿನ ಆ್ಯಪಿಂಗೆ ಕೊಟ್ಟವು. ಅದರ್ಲಿ ಹಳೆ ಪೆಟ್ಟಿಗೆಯ ಗೊಂಬೆ, ಹಲಗೆಗಳ ಹೊಸ ಆಟಲ್ಲಿ ಉಪಯೋಗುಸುಲೆ ದಾರಿ ಮಡುಗಿತ್ತಿದ್ದವು. ಆದರೂ ಜಗಳ ತಪ್ಪಿದ್ದಿಲ್ಲೆ. "ನಾಳೆ ಆ್ಯಪ್ ನಿಂದರೆ ಪೆಟ್ಟಿಗೆ ಕಟ್ಟಿಗೆಯ ಹಾಂಗೆ ಬಿದ್ದೊಂಡಿಕ್ಕು" ಹೇಳಿ ಹಲವರಿಂಗೆ ಹೆದರಿಕೆ. ಅದು ದೈತ್ಯನ ಹೆದರಿಕೆಂದ ನಿಜವಾದ ಹೆದರಿಕೆ. ಇನ್ನು ಕೆಲವಕ್ಕೆ, ಕಾಡುವ ಪಾತ್ರ ಆಡಿಗೊಂಡಿದ್ದ ದೋಸ್ತಿಯ ಜಾಗೆಲಿ ಮೊಬೈಲು ಕೂದ್ದು ಬೇಜಾರು.

ಅಂಬಗ ಹಳೆ ಸಾಮಾನು ಸೇರಿರೂ ಬೇಜಾರು, ಸೇರದ್ದರೂ ಬೇಜಾರು. ಹಾಂಗಾರೆ ಈ ಜನಂಗೊಕ್ಕೆ ಬೇಕಾದ್ದೆಂತರ?

ಅದು ಎನಗೆ ರಜ ಅರ್ಥ ಆದ್ದು ಅಳಿಯನ ಮೇಜಿಲಿ. ಒಂದು ಶನಿವಾರ ದೋಸ್ತಿಗಳಲ್ಲಿ ಒಬ್ಬ° ಹೊಸ ಪೆಟ್ಟಿಗೆ ಹಿಡ್ಕೊಂಡು ಬಂದ°. ಅಳಿಯನ ಮೋರೆ ಸಣ್ಣ ಆತು. "ಎನಗೆ ಬೇಡ, ನಿಂಗೊ ಆಡಿ" ಹೇಳಿ ಕಾಪಿ ಮಾಡ್ಲೆ ಒಳ ಹೋದವು. ಒಂದು ಜನ ಕಮ್ಮಿ ಆತನ್ನೆ, "ಆಂಟಿ, ನಿಂಗೊ ಬನ್ನಿ" ಹೇಳಿದವು ಮಕ್ಕೊ. ಹಳೆ ಆಟಕ್ಕೆ ಒಂದರಿ ಕೂದಿಪ್ಪಗ ಹನ್ನೊಂದು ಗಂಟೆಗೆ ಎನಗೆ ಒರಕ್ಕು ಬಂದಿತ್ತು. ಹೊಸತ್ತರಲ್ಲಿ ಎನಗೆ ಸಿಕ್ಕಿದ್ದು ಆಗ್ನೆಸ್ ಬೇಕರ್ ಹೇಳ್ತ ಹೋಟ್ಲಿಲಿ ಬಡುಸುವ ಕೂಸು. ಬಡುಸುವ ಕೆಲಸ ನವಗೆ ಗೊಂತಿಪ್ಪದೇ ಅಲ್ದೋ! ಸರದಿಗೆ ಎರಡು ಕೆಲಸ ಮಾಡ್ಲಕ್ಕು: ನಡವದು, ಹೊಡವದು, ಊರಿನ ಕೇಡು ಕಮ್ಮಿ ಮಾಡುದು, ಹೀಂಗೆ. ಒಂದು ಗಂಟೆಲಿ ಕಲ್ತೆ. ಎಂಗೊ ಸೋತೆಯೊ°, ಆದರೆ ಎನಗೆ ಒರಕ್ಕು ಬಯಿಂದಿಲ್ಲೆ. ಹೊಸತ್ತು ಬೇಕು ಹೇಳುವವರ ಮಾತಿಲಿಯೂ ಸತ್ಯ ಇದ್ದು ಹೇಳಿ ಅಂದು ಗೊಂತಾತು. ಬಾಗಿಲು ಅಗಲ ಆಗದ್ದರೆ ಎನ್ನ ಹಾಂಗಿಪ್ಪವು ಒಳ ಬಪ್ಪದು ಹೇಂಗೆ?

ಎಲ್ಲೋರೂ ಹೋದ ಮೇಲೆ ಅಳಿಯ ಹಳೆ ಪೆಟ್ಟಿಗೆಯ ಮುಚ್ಚಲು ತೆಗದು ಒಂದು ಸಣ್ಣ ಪುಸ್ತಕ ತೋರ್ಸಿದವು. ಕೋಲೇಜಿಲಿಪ್ಪಗಂದ ಆಡಿದ ಪ್ರತಿ ಆಟದ ಲೆಕ್ಕ ಅದರ್ಲಿ ಇದ್ದು. ತಾರೀಕು, ಆರಾರು ಕೂದ್ದು, ಯಾವ ದೈತ್ಯ, ಸೋತದೋ ಗೆದ್ದದೋ. ಒಂದು ಪುಟಲ್ಲಿ ಕಾಪಿ ಚೆಲ್ಲಿದ ಕಲೆ. ಶುರುವಿಲಿ ಆರು ಜನರ ಅಕ್ಷರ ಇತ್ತು. ಮತ್ತೆ ನಾಲ್ಕು, ಮತ್ತೆ ಮೂರು. ಒಬ್ಬ° ಬೇರೆ ರಾಜ್ಯಕ್ಕೆ ಹೋದ°, ಒಬ್ಬಂಗೆ ಮದುವೆ ಆತು, ಒಬ್ಬ° ಮಾತು ಬಿಟ್ಟ°. "ಅತ್ತೆ, ಹೊಸ ಆಟ ಲಾಯ್ಕಿದ್ದು ಹೇಳಿ ಎನಗೂ ಗೊಂತಿದ್ದು. ಆದರೆ ಇವೆಲ್ಲ ಅದರ್ಲಿ ಇಲ್ಲೆನ್ನೆ" ಹೇಳಿದವು. ಎನಗೆ ಎಂತ ಹೇಳೆಕ್ಕು ಹೇಳಿ ಗೊಂತಾಯಿದಿಲ್ಲೆ. ಮಜ್ಜಿಗೆ ಕೊಟ್ಟೆ.

ಒರಗಿಪ್ಪಗ ಆಲೋಚನೆ ಮಾಡಿದೆ. ಅಳಿಯ 'ಹಳತ್ತು' ಹೇಳಿ ಅಪ್ಪಿ ಹಿಡುದ್ದದು 2005ರ ಪೆಟ್ಟಿಗೆಯ. ಅದುದೇ ಒಂದು ಕಾಲಲ್ಲಿ ಹೊಸ ಆವೃತ್ತಿಯೇ ಆಗಿತ್ತನ್ನೆ! 1987ರ ಪೆಟ್ಟಿಗೆಯ 18 ವರ್ಷ ಜೋಪಾನ ಮಾಡಿದವಕ್ಕೆ ಅಳಿಯನ ಪೆಟ್ಟಿಗೆಯೇ 'ಈಗಾಣ ಮಕ್ಕಳ ಆಟ'. ಇನ್ನು ಹತ್ತು ವರ್ಷ ಕಳುದು ನಾಲ್ಕನೇದು ಬಂದರೆ, ಆ ದಿನ ಹೊಸ ಪೆಟ್ಟಿಗೆ ತಂದ ಮಾಣಿಯೇ ಮೋರೆ ಸಣ್ಣ ಮಾಡಿಗೊಂಡು ಕಾಪಿ ಮಾಡ್ಲೆ ಒಳ ಹೋಕು. ಎಲ್ಲೋರ 'ಮದಲಾಣದ್ದು' ಹೇಳಿರೆ ಅವು ಹರೆಯಲ್ಲಿ ಆಡಿದ್ದೇ. ಅವು ಕಾವದು ನಿಯಮವ ಅಲ್ಲ, ಆ ಮೇಜಿನ ಸುತ್ತ ಕೂದವರ.

ನಮ್ಮ ಚೆನ್ನೆಮಣೆಯ ನೆಂಪಾತು. 14 ಗುಂಡಿ, ಒಂದೊಂದರಲ್ಲಿ ನಾಲ್ಕು ಮಂಜೊಟ್ಟಿಯ ಹಾಂಗೆ 56 ಕಾಯಿ. ಆಟಿ ತಿಂಗಳಿನ ಮಳೆಗೆ ಜೆಗಿಲಿಲಿ ಕೂದು ಆಡಿದ್ದು ನಿಂಗೊಗೂ ನೆಂಪಿಕ್ಕು. ಅದಕ್ಕೆ ಕಂಪೆನಿ ಇಲ್ಲೆ, ಆವೃತ್ತಿ ಇಲ್ಲೆ. ಆದರೆ ಆನು ಮದುವೆ ಆಗಿ ಬಂದ ವರ್ಷ ಅತ್ತೆಯ ಒಟ್ಟಿಂಗೆ ಆಡ್ಲೆ ಕೂದು, ಕಾಯಿ ತೆಗವಗ "ನಿಂಗಳ ಮನೆಲಿ ಹಾಂಗೋ? ಇಲ್ಲಿ ಹಾಂಗಿಲ್ಲೆ" ಹೇಳಿದ ಅವರ ಸ್ವರ ಎನಗೆ ಈಗಳೂ ಕೇಳ್ತು. ಎನಗೂ ಪಿಸುರು ಬಂದಿತ್ತು. ಎನಗೆ ಅದರ ಕಲುಶಿದ್ದು ಎನ್ನ ಅಜ್ಜಿ. ಎನ್ನ ಆಟ ತಪ್ಪು ಹೇಳಿರೆ ಅಜ್ಜಿಯೇ ತಪ್ಪು ಹೇಳಿದ ಹಾಂಗೆ ಆತು ಎನಗೆ. ಅತ್ತೆಗೆ ಕಲುಶಿದ್ದು ಅವರ ಅಬ್ಬೆ ಆದಿಕ್ಕು. ಅಂದು ಆನು ಕೇಳಿದ್ದಿಲ್ಲೆ. ಈಗ ಅತ್ತೆ ಇಲ್ಲೆ. ಅವರ ಮನೆ ಕ್ರಮ ಎನಗೆ ಅರ್ಧ ಮಾಂತ್ರ ನೆಂಪಿದ್ದು.

ವಿಷಯ ಇಪ್ಪದು ಇಲ್ಲಿ. ಹೊಸತ್ತು ಬಂತು ಹೇಳಿ ಆರ್ಕಮಿನ ಹಳೆ ಆಟ ಸಾಯಿತ್ತಿಲ್ಲೆ. ಅದರ ನಿಯಮ ಅಚ್ಚಾಯಿದು, ಜಗಳ ಮಾಡ್ಲಾದರೂ ಜನ ಇದ್ದವು. ನಮ್ಮದರ ಬಗ್ಗೆ ಜಗಳ ಮಾಡುವವೇ ಇಲ್ಲೆ. ಮಣೆ ಅಟ್ಟಲ್ಲಿ ಧೂಳು ತಿಂತಾ ಇದ್ದು, ಇಲ್ಲದ್ದರೆ ಚೆಂದಕ್ಕೆ ಹೇಳಿ ಗಾಜಿನ ಕವಾಟಿಲಿ ಇದ್ದು.

ಮನ್ನೆ ಪುಳ್ಳಿ ಊರಿಂಗೆ ಬಂದಿಪ್ಪಗ ಅಟ್ಟಂದ ಮಣೆ ಇಳುಶಿದೆ. ಅಳಿಯನೂ ಕೂದವು. ಪುಳ್ಳಿಗೆ ಎನ್ನ ಅಜ್ಜಿಯ ಕ್ರಮವನ್ನೂ, ಅತ್ತೆಯ ಕ್ರಮ ನೆಂಪಾದಷ್ಟನ್ನೂ ಹೇಳಿಕೊಟ್ಟೆ. ಅಳಿಯ ಒಂದು ಸಣ್ಣ ಪುಸ್ತಕ ತೆಗದು ತಾರೀಕು ಹಾಕಿ, ಆರು ಗೆದ್ದದು ಹೇಳಿ ಬರದು ಮಣೆಯ ಒಳ ಮಡುಗಿದವು. ಗೆದ್ದದು ಪುಳ್ಳಿ. ರಜ ಮೋಸ ಮಾಡಿದ್ದು, ಅದರನ್ನೂ ಬರದ್ದವು.

ನಿಂಗಳ ಮನೆಲಿ ಚೆನ್ನೆಮಣೆ ಆಡುವ ಕ್ರಮ ಹೇಂಗೆ? ಆರು ಕಲುಶಿದ್ದು? ಕಾಯಿ ತೆಗವದು ಯಾವಗ, ಒಕ್ಕಿ ಒಳುದರೆ ಆರಿಂಗೆ? ಒಂದು ಕಾಗದಲ್ಲಿ ಬರದು ಮಡುಗಿ, ಎನಗೂ ಒಂದರಿ ಹೇಳಿ. ಸಣ್ಣತ್ತೆ, ನಿಂಗಳದ್ದು ಮದಾಲು ಬರಲಿ. ಎನ್ನ ಅತ್ತೆಯ ಒಟ್ಟಿಂಗೆ ಆಡಿದವರಲ್ಲಿ ಈಗ ಒಳುದ್ದು ನಿಂಗೊ ಒಬ್ಬನೇ ಅಲ್ದೋ.