ಗಾಲಿ ಮ್ಯಾಲಿನ ಮನಿಗೆ ಕರೆಂಟ್ ಬಂದ ಕಥಿ

ನಮ್ಮ ಓಣಿಯೊಳಗ ಈಗ ಅಮೆರಿಕಾದಾಗ ಮಗಾನೋ ಮಗಳೋ ಇಲ್ಲದ ಮನಿ ಹುಡುಕಬೇಕು. ಬ್ಯಾಸಿಗಿಗೆ ಅಲ್ಲಿಗೆ ಹೋದವ್ರನ್ನ ಮಕ್ಕಳು ‘ಆರ್‌ವಿ’ ಬಾಡಿಗಿ ಹಿಡದು ನಾಲ್ಕು ದಿನ ತಿರಗಾಡಿಸಿಕೊಂಡು ಬರ್ತಾರ. ಆರ್‌ವಿ ಅಂದ್ರ ಗಾಲಿ ಮ್ಯಾಲಿನ ಮನಿ. ಒಳಗ ಒಲಿ, ಫ್ರಿಡ್ಜ್, ಹಾಸಿಗಿ, ಬಚ್ಚಲ, ಏಸಿ ಎಲ್ಲಾ ಇರ್ತಾವ. ಸಂಜಿ ಆತು ಅಂದ್ರ ಕ್ಯಾಂಪ್‌ಗ್ರೌಂಡ್ ಅಂತ ಒಂದು ಜಾಗಾಕ್ಕ ಹೋಗಿ ಗಾಡಿ ನಿಲ್ಲಸ್ತಾರ. ಅಲ್ಲಿ ಒಂದೊಂದು ಗಾಡಿಗೂ ಒಂದೊಂದು ಗಿಡ್ಡ ಕಂಬ, ಕಂಬದಾಗ ಸಾಕೆಟ್. ದಪ್ಪನ್ನ ವಾಯರ್ ಬಿಚ್ಚಿ ಅದಕ್ಕ ಚುಚ್ಚಿದ್ರ ಮನಿತುಂಬ ಕರೆಂಟ್.

ನೋಡ್ಲಿಕ್ಕೆ ಇಷ್ಟ ಸಸಾರ. ಆದ್ರ ಪ್ಲಗ್ ಸರಿಯಾಗಿ ಕೂತದ್ದಕ್ಕ ಕರೆಂಟೂ ಸರಿ ಅದ ಅಂತ ತಿಳಕೋಬಾರದು. ಈ ಒಂದು ಮಾತು ಕಲೀಲಿಕ್ಕೆ ಅಲ್ಲಿಯ ಮಂದಿಗೆ ಅರವತ್ತು ಎಪ್ಪತ್ತು ವರ್ಷ ಹಿಡದಾವ. ಕಥಿ ಹೆಂಗ ನಡೀತು ಅಂತ ಇವತ್ತು ಬರೀತೀನಿ. ಯಾಕಂದ್ರ ಇದು ಗಾಡಿ ಕಥಿಗಿಂತ ಜಾಸ್ತಿ ಮನಿ ಸಾಮಾನಿನ ಕಥಿ.

ಮೊದಲಿಗೆ ಈ ಮನಿಗೋಳಿಗೆ ಹೊರಗಿನ ಕರೆಂಟ್ ಬೇಕಾಗೇ ಇರ್ಲಿಲ್ಲ. 1910ರಾಗ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಪ್ರದರ್ಶನದಾಗ ಪಿಯರ್ಸ್-ಆರೋ ಕಂಪನಿಯವರು ‘ಟೂರಿಂಗ್ ಲ್ಯಾಂಡೊ’ ಅಂತ ಒಂದು ಮೋಟಾರು ತೋರಿಸಿದ್ರು. ಹಿಂದಿನ ಸೀಟ್ ಹಾಸಿಗಿ ಆಗ್ತಿತ್ತು. 1919ರಾಗ ಫ್ಲಾರಿಡಾದ ಟ್ಯಾಂಪಾ ಊರಾಗ ಹಿಂಗ ತಿರಗೋ ಮಂದಿ ಎಲ್ಲಾ ಸೇರಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಅಂತ ಒಂದು ಸಂಘ ಕಟ್ಟಿದ್ರು. ಗಾಡಿ ರೇಡಿಯೇಟರ್ ಮುಚ್ಚಳಕ್ಕ ಒಂದು ತಗಡಿನ ಡಬ್ಬಿ ಬೆಸದ್ರ ಅದೇ ಅವರ ಗುರ್ತು. ಅವರ ಅಡಗಿ ಸೀಮೆಎಣ್ಣಿ ಇಲ್ಲಾ ಪೆಟ್ರೋಲ್ ಸ್ಟೋವಿನ ಮ್ಯಾಲೆ, ಹಾಲು ಬೆಣ್ಣಿ ಐಸ್ ಪೆಟ್ಟಿಗಿಯೊಳಗ, ರಾತ್ರಿ ಕಂದೀಲು. 1930ರ ಸುಮಾರಿಗೆ ಕಾರಿನ ಹಿಂದ ಎಳಕೊಂಡು ಹೋಗೋ ಟ್ರೇಲರ್ ಮನಿಗೋಳು ಬಂದು, ವಾಲಿ ಬೈಯಮ್ ಅನ್ನವ್ರ ಏರ್‌ಸ್ಟ್ರೀಮ್ 1936ರಾಗ ಮಾಡಿದ ‘ಕ್ಲಿಪ್ಪರ್’ದಾಗ ಕರೆಂಟ್ ದೀಪಾನೂ ಇದ್ವು. ಆದ್ರೂ ಆ ಕಾಲದ ಕಾರಿನ ಬ್ಯಾಟರಿ ಅಂದ್ರ 6 ವೋಲ್ಟ್. ಅಷ್ಟರಿಂದ ಒಂದೆರಡು ದೀಪ ಉರೀತಾವ, ಒಣಾ ಕೈಗೆ ಮುಟ್ಟಿದ್ರ ಚುರ್ ಅಂತನೂ ಅನ್ನೂದಿಲ್ಲ.

ಫ್ರಿಡ್ಜಿನ ಸಂಗ್ತಿ ಕೇಳಿದ್ರ ನಿಮಗ ಮಜಾ ಅನಸ್ತದ. 1922ರಾಗ ಸ್ವೀಡನ್ನಿನ ಸ್ಟಾಕ್‌ಹೋಮಿನಾಗ ಇಂಜಿನಿಯರಿಂಗ್ ಓದೋ ಇಬ್ಬರು ಹುಡುಗರು, ಫಾನ್ ಪ್ಲಾಟೆನ್ ಮತ್ತ ಮುಂಟರ್ಸ್ ಅಂತ, ಮೋಟಾರ್ ಇಲ್ಲದ ಫ್ರಿಡ್ಜ್ ಮಾಡಿದ್ರು. ಬೆಂಕಿಯ ಕಾವಿನಿಂದ ಥಂಡಿ ಮಾಡೋ ಯಂತ್ರ! ಕೆಳಗ ಸಣ್ಣ ಉರಿ, ಕೊಳವಿಯೊಳಗ ಅಮೋನಿಯಾ ನೀರು. ಕಾವಿಗೆ ಅಮೋನಿಯಾ ಆವಿಯಾಗಿ ಮ್ಯಾಲೇರ್ತದ, ತಣ್ಣಗಾಗಿ ದ್ರವ ಆಗ್ತದ, ಮತ್ತ ಪೆಟ್ಟಿಗಿಯೊಳಗ ಆವಿಯಾಗೂ ಮುಂದ ಒಳಗಿನ ಬಿಸಿ ಎಳಕೋತದ. ಗುರ್ ಅನ್ನೋ ಸಪ್ಪಳ ಇಲ್ಲ, ಕರೆಂಟ್ ಬೇಕಾಗಿಲ್ಲ. ಒಂದು ಗ್ಯಾಸ್ ಸಿಲಿಂಡರ್ ಇದ್ರ ಸಾಕು. ಅದಕ್ಕ ಗಾಲಿ ಮನಿಯೊಳಗ ಇದೇ ಜಾತಿ ಫ್ರಿಡ್ಜ್ ಬಹಳ ವರ್ಷ ರಾಜ್ಯ ಆಳ್ತು.

ಎಲ್ಲಾ ಬದಲಾದದ್ದು ಎರಡನೇ ಮಹಾಯುದ್ಧದ ಆಮ್ಯಾಲೆ. 1950ರ ದಶಕದಾಗ ಕಾರಿನ ಬ್ಯಾಟರಿ 6ರಿಂದ 12 ವೋಲ್ಟಿಗೆ ಏರ್ತು. 1956ರಾಗ ಕಾಯ್ದೆ ಮಾಡಿ ದೇಶದ ತುಂಬ ದೊಡ್ಡ ದೊಡ್ಡ ಹೆದ್ದಾರಿ ಹಾಕಲಿಕ್ಕೆ ಹತ್ತಿದ್ರು. 1962ರಾಗ ಸಿಯಾಟಲ್ ಊರಿನ ವಿಶ್ವಮೇಳಕ್ಕ ಹೊಂಟ ಮಂದಿ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಮ್ಯಾಲೆ ಹಾಯ್ದು ಹೋಗ್ತಿದ್ರು. ಅವರಿಗೆ ಇಳಕೊಳ್ಳಲಿಕ್ಕೆ ಅಂತ ಡೇವ್ ಡ್ರಮ್ ಅನ್ನವ್ರು ಯೆಲ್ಲೋಸ್ಟೋನ್ ನದಿ ದಂಡಿಗೆ ಜಾಗಾ ಮಾಡಿಕೊಟ್ರು. ಅದೇ ಮುಂದ ‘ಕೆಓಎ’ ಅಂತ ದೇಶದ ತುಂಬ ಕ್ಯಾಂಪ್‌ಗ್ರೌಂಡಿನ ದೊಡ್ಡ ಸಾಲು ಆತು. 1966ರಾಗ ಐಯೋವಾದ ವಿನ್ನೆಬಾಗೊ ಕಂಪನಿ ಮೋಟಾರ್ ಮನಿಗೋಳನ್ನ ಕಾರ್ಖಾನಿಯೊಳಗ ಸಾಲು ಹಚ್ಚಿ ಮಾಡಲಿಕ್ಕೆ ಶುರು ಮಾಡ್ತು. ಸಾಧಾರಣ ಸಂಸಾರಕ್ಕೂ ಗಾಲಿ ಮನಿ ಎಟಗ್ತು.

ಮನಿ ಬಂದ ಮ್ಯಾಲೆ ಸಾಮಾನು ಸುಮ್ಮನ ಇರ್ತಾವೇನು? ಮಾಳಗಿ ಮ್ಯಾಲೆ ಏಸಿ ಬಂತು, ಮೈಕ್ರೋವೇವ್ ಬಂತು, ನೀರು ಕಾಸೋದು ಬಂತು. ಒಂದು ಏಸಿ ಅಂದ್ರ ಅಲ್ಲಿಯ 120 ವೋಲ್ಟಿನಾಗ ಸುಮಾರು 12ರಿಂದ 15 ಆಂಪಿಯರ್ ಎಳೀತದ. ದೀಪಕ್ಕಂತ ಹಾಕಿದ 15 ಆಂಪಿಯರ್ ಸಾಕೆಟ್ ಇದಕ್ಕ ಸಾಲಲಿಲ್ಲ. 30 ಆಂಪಿಯರಿನ ಮೂರು ಕಾಲಿನ ಪ್ಲಗ್ ಬಂತು: 30 ಗುಣಿಸು 120, ಅಂದ್ರ 3,600 ವ್ಯಾಟ್. ಎರಡು ಏಸಿ ಇರೋ ದೊಡ್ಡ ಗಾಡಿಗೆ 50 ಆಂಪಿಯರಿನ ನಾಲ್ಕು ಕಾಲಿನ ಪ್ಲಗ್ ಬಂತು. ಅದರಾಗ ಎರಡು ಕಡೆಯಿಂದ ಕರೆಂಟ್ ಬರೋದ್ರಿಂದ ಒಟ್ಟು 12,000 ವ್ಯಾಟ್. ಮನಿ ಬೆಳೀತು. ಆದ್ರ ಎಷ್ಟೋ ಹಳೇ ಕ್ಯಾಂಪ್‌ಗ್ರೌಂಡಿನಾಗ ನೆಲದೊಳಗಿನ ವಾಯರ್ ಮೊದಲಿಂದೇ ಉಳೀತು.

ಇದರ ಲೆಕ್ಕ ಲಗ್ನದ ಅಡಗಿ ಲೆಕ್ಕ ಇದ್ಧಂಗ. ಸಾವಿರ ಮಂದಿಗೆ ಕರದ್ರ ಸಾವಿರ ಎಲಿ ಒಮ್ಮೆಲೆ ಹಾಕೂದಿಲ್ಲ, ಪಂಕ್ತಿ ಮ್ಯಾಲೆ ಪಂಕ್ತಿ ಏಳ್ತಾವ. ಅಲ್ಲಿಯ ವಿದ್ಯುತ್ ನಿಯಮದ ಪುಸ್ತಕದಾಗೂ ಹಂಗ ಅದ. ಒಂದೇ ಗಾಡಿ ನಿಲ್ಲೋ ಜಾಗಾ ಆದ್ರ ಪೂರಾ 100 ಪಾಲು ಲೆಕ್ಕ ಹಿಡೀಬೇಕು. 36 ಇಲ್ಲಾ ಅದಕ್ಕೂ ಹೆಚ್ಚು ಗಾಡಿ ನಿಲ್ಲೋ ಕಡೆ ನೂರಕ್ಕ 41 ಪಾಲು ಹಿಡದ್ರ ನಡೀತದ. ಎಲ್ಲಾರೂ ಒಮ್ಮೆಲೆ ಎಲ್ಲಾ ಹಚ್ಚೂದಿಲ್ಲ ಅನ್ನೋ ನಂಬಿಕಿ ಅದು. ಆದ್ರ ಜುಲೈ ತಿಂಗಳ ಮಧ್ಯಾಹ್ನದ ಬಿಸಲಿಗೆ ಎಲ್ಲಾ ಗಾಡಿಯವರೂ ಏಸಿ ಹಚ್ಚಿದ್ರ, ಸಾವಿರ ಮಂದೀನೂ ಮೊದಲನೇ ಪಂಕ್ತಿಗೇ ಕೂತಂಗ ಆಗ್ತದ. ಹಳೇ ತೆಳ್ಳನ್ನ ವಾಯರ್ ಇದ್ದಲ್ಲೆ 120 ವೋಲ್ಟ್ ಇಳದು 110, 105, ಇನ್ನೂ ಕೆಳಗ ಹೋಗ್ತದ.

ವೋಲ್ಟೇಜ್ ಇಳದ್ರ ದೀಪ ಮಂದ ಆಗ್ತದ, ಅಷ್ಟ. ಆದ್ರ ಏಸಿ ಕಂಪ್ರೆಸರಿನ ಗತಿ ಬ್ಯಾರೆ. ಅದಕ್ಕ ಮಾಡೋ ಕೆಲಸ ಅಷ್ಟೇ ಇರ್ತದ, ವೋಲ್ಟೇಜ್ ಕಡಿಮಿ ಆದಂಗ ಕರೆಂಟ್ ಜಾಸ್ತಿ ಎಳೀತದ, ಒಳಗಿನ ಸುರುಳಿ ಕಾಯ್ತದ, ಕಡೀಕೆ ಸುಟ್ಟು ಹೋಗ್ತದ. ಇದು ನಮಗೇನು ಹೊಸಾದಲ್ಲ. ನಮ್ಮ ಮನಿಗೋಳಾಗ ಫ್ರಿಡ್ಜಿನ ಬಾಜೂಕ ಸ್ಟೆಬಿಲೈಸರ್ ಯಾಕ ಕೂತಿತ್ತು? ಇದಕ್ಕ. 1977ರಾಗ ಕೊಚ್ಚಿಯೊಳಗ ಶುರುವಾದ ವಿ-ಗಾರ್ಡ್ ಕಂಪನಿ ಮೊದಲು ಮಾಡಿದ್ದೂ ಸ್ಟೆಬಿಲೈಸರ್. ನಮ್ಮಲ್ಲೆ ಮನಿ ಇದ್ದಲ್ಲೇ ಇದ್ದು ವೋಲ್ಟೇಜ್ ಏರಿ ಇಳೀತಿತ್ತು. ಅಲ್ಲೆ ಊರಿನ ಮನಿಗೆ ಬರೋ ಕರೆಂಟ್ ನೆಟ್ಟಗ ಇರ್ತದ, ಗಾಲಿ ಮನಿ ಮಾತ್ರ ದಿನಾ ಹೊಸಾ ಕಂಬಕ್ಕ ನಂಬಿಕಿ ಇಡಬೇಕು.

ಕಂಬದಾಗೇ ತಪ್ಪು ಇರೋದೂ ಅದ. 30 ಆಂಪಿಯರ್ ಸಾಕೆಟಿನಾಗ ಬರಬೇಕಾದ್ದು 120 ವೋಲ್ಟ್. ಅಮೆರಿಕಾದ ಮನಿಗೋಳಾಗ ಅರಿವಿ ಒಣಗಿಸೋ ಮಶೀನಿಗೂ 30 ಆಂಪಿಯರಿನ ಸಾಕೆಟ್ ಇರ್ತದ, ನೋಡ್ಲಿಕ್ಕೆ ಹೆಚ್ಚು ಕಡಿಮಿ ಹಂಗ, ಆದ್ರ ಅದರಾಗ 240 ವೋಲ್ಟ್. ಮನಿ ಕೆಲಸ ಮಾಡೋ ಇಲೆಕ್ಟ್ರಿಶಿಯನ್ ರೂಢಿ ಮ್ಯಾಲೆ ಗಾಡಿ ಸಾಕೆಟಿಗೂ 240 ಕೊಟ್ಟುಬಿಟ್ಟದ್ದು ಎಷ್ಟೋ ಸಲ ಆಗೇದ. ಪ್ಲಗ್ ಛಂದಾಗಿ ಕೂಡ್ತದ. ಮರುಗಳಿಗಿಗೆ ಟಿವಿ, ಮೈಕ್ರೋವೇವ್, ಬ್ಯಾಟರಿ ಚಾರ್ಜರ್ ಎಲ್ಲಾ ಹೊಗಿ.

50 ಆಂಪಿಯರ್ ಪ್ಲಗಿನ ಕಾಟ ಇನ್ನೊಂದು ನಮೂನಿ. ಅದರಾಗ 120ರ ಎರಡು ಜೀವಂತ ವಾಯರ್, ನಡುವ ಒಂದು ನ್ಯೂಟ್ರಲ್, ಮತ್ತೊಂದು ಅರ್ಥ್. ನ್ಯೂಟ್ರಲ್ ಅನ್ನೋದು ತಕ್ಕಡಿ ಮುಳ್ಳು ಇದ್ಧಂಗ, ಎರಡೂ ಕಡೆ 120 ಹಿಡದು ನಿಲ್ಲಸ್ತದ. ಅದು ಸಡಲಾತು ಅಂದ್ರ ಎರಡೂ ಕಡೆಯ ಸಾಮಾನು ಸೇರಿ 240 ವೋಲ್ಟನ್ನ ತಮ್ಮತಮ್ಮೊಳಗ ಹಂಚಕೋಬೇಕಾಗ್ತದ. ತಕ್ಕಡಿಯೊಳಗ ಹಗರ ತಟ್ಟಿ ಮ್ಯಾಲೇರ್ತದಲ್ಲ, ಇಲ್ಲೂ ಹಂಗ. ಕಡಿಮಿ ಸಾಮಾನು ಹಚ್ಚಿದ ಕಡೆ ವೋಲ್ಟೇಜ್ 160, 180 ಏರ್ತದ. ಒಂದು ಕಡೆ ದೀಪ ಝಗ್ಗಂತ ಉರದು, ಇನ್ನೊಂದು ಕಡೆ ಮಂದ ಆದ್ರ ಇದೇ ರೋಗ.

ಸಾಮಾನು ಸುಟ್ರ ಮತ್ತ ತರಬಹುದು, ಜೀವದ ಸಂಗ್ತಿ ಹಂಗಲ್ಲ. ಗಾಲಿ ಮನಿ ರಬ್ಬರ್ ಟಾಯರ್ ಮ್ಯಾಲೆ ನಿಂತಿರ್ತದ, ಹಿಂಗಾಗಿ ಅದರ ಲೋಹದ ಮೈಯಿಗೂ ನೆಲಕ್ಕೂ ಸಂಬಂಧ ಇರೋದು ಅರ್ಥ್ ವಾಯರಿನಿಂದ ಮಾತ್ರ. ಕಂಬದಾಗ ಅರ್ಥ್ ಕಡದಿತ್ತು, ಒಳಗ ಯಾವದೋ ಹೀಟರ್ ಸೋರ್ಲಿಕ್ಕತ್ತಿತ್ತು ಅಂದ್ರ ಗಾಡಿಯ ಪೂರಾ ಮೈಯಿಗೆ ಕರೆಂಟ್ ಏರಿ ಕೂಡ್ತದ. ಒಳಗ ಇದ್ದವ್ರಿಗೆ ಗೊತ್ತಾಗೂದಿಲ್ಲ. ಹಸೀ ಹುಲ್ಲಿನ ಮ್ಯಾಲೆ ಬರಿಗಾಲಿಲೆ ನಿಂತು ಬಾಗಲ ಹಿಡಿಕಿ ಹಿಡದ ಕೂಸಿನ ಮೈಯಿಂದ ಅದು ನೆಲಕ್ಕ ಇಳೀತದ. 30 ಆಂಪಿಯರಿನ ಬ್ರೇಕರ್ ಇದಕ್ಕ ಬೀಳೂದಿಲ್ಲ. ಮನಶಾನ ಜೀವ ಹೋಗಲಿಕ್ಕೆ ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು. ಬ್ರೇಕರ್ ಇರೋದು ವಾಯರ್ ಕಾಯಲಿಕ್ಕೆ, ನಮ್ಮನ್ನ ಕಾಯಲಿಕ್ಕೆ ಇರೋದಲ್ಲ.

ಮಂದೀನ್ನ ಕಾಯೋ ಸಾಮಾನು ಮಾಡಿದವ್ರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್. ಮೈಯೊಳಗ ಎಷ್ಟು ಕರೆಂಟ್ ಹರದ್ರ ಏನಾಗ್ತದ, ಹಿಡದ ಕೈ ಬಿಡಲಿಕ್ಕೆ ಎಷ್ಟರ ತನಕ ಬರ್ತದ ಅಂತ ವರ್ಷಗಟ್ಟಲೆ ಅಭ್ಯಾಸ ಮಾಡಿ 1961ರಾಗ ಒಂದು ಸಣ್ಣ ಯಂತ್ರ ಮಾಡಿದ್ರು. ಹೋದ ಕರೆಂಟೂ ತಿರಗಿ ಬಂದ ಕರೆಂಟೂ ಸಮ ಅದನೋ ಇಲ್ಲೋ ಅಂತ ಅದು ನೋಡಕೋತ ಇರ್ತದ. ಸುಮಾರು 5 ಮಿಲಿ ಆಂಪಿಯರ್ ಫರಕ್ ಬಂದ್ರೂ ಕಣ್ಣು ಮುಚ್ಚಿ ತೆರಿಯೋದ್ರೊಳಗ ಕರೆಂಟ್ ಕಡೀತದ. 40 ವ್ಯಾಟಿನ ಬಲ್ಬು ಅಲ್ಲೆ ಎಳಿಯೋ ಕರೆಂಟಿನ ಅರವತ್ತನೇ ಒಂದು ಪಾಲಿಗಿಂತ ಕಡಿಮಿ ಅದು! ಈಗ ಕ್ಯಾಂಪ್‌ಗ್ರೌಂಡ್ ಕಂಬದ 15, 20 ಆಂಪಿಯರಿನ ಸಾಕೆಟಿಗೆ ಇದನ್ನ ಕೂಡಸ್ತಾರ. 30, 50ರ ದೊಡ್ಡ ಸಾಕೆಟಿಗೆ ಸಾಮಾನ್ಯವಾಗಿ ಇರೂದಿಲ್ಲ. ಅಲ್ಲೆ ನಮ್ಮ ಕಾವಲು ನಾವ ತರಬೇಕು.

ಸಿಡಿಲಿಂದ ಒಮ್ಮೆಲೆ ಏರೋ ಕರೆಂಟಿಗೂ ಉಪಾಯ ಬಂತು. 1960ರ ದಶಕದ ಕೊನೀಗೆ ಜಪಾನಿನ ಮಾತ್ಸುಶಿತಾ ಕಂಪನಿಯಾಗ ಮಾತ್ಸುವೊಕಾ ಅನ್ನವ್ರು ಸತುವಿನ ಆಕ್ಸೈಡಿನಿಂದ ಒಂದು ಬಿಲ್ಲಿ ಮಾಡಿದ್ರು. ವೋಲ್ಟೇಜ್ ಸರಿ ಇದ್ದಾಗ ಅದು ಸುಮ್ಮನ ಕೂಡ್ತದ, ಮಿತಿ ಮೀರಿದ್ರ ದಾರಿ ತೆರದು ಹೆಚ್ಚಿಂದನ್ನ ತನ್ನ ಮ್ಯಾಲೆ ಎಳಕೋತದ. ಇವತ್ತಿನ ಸರ್ಜ್ ಪ್ರೊಟೆಕ್ಟರ್ ಎಲ್ಲಾದ್ರಾಗೂ ಇದರ ಸಂತಾನ ಅದ. ಆದ್ರ ಇದು ಒಂದು ಕ್ಷಣದ ಹೊಡತಕ್ಕ ಮಾತ್ರ. ತಾಸುಗಟ್ಟಲೆ ಇಳದು ಕೂತ ವೋಲ್ಟೇಜಿಗೆ ಇದರಿಂದ ಏನೂ ಆಗೂದಿಲ್ಲ.

ಅದಕ್ಕ ಮುಂದ ಎಲ್ಲಾ ಕಾವಲೂ ಕೂಡಿಸಿದ ಡಬ್ಬಿ ಬಂತು, ‘ಇಎಂಎಸ್’ ಅಂತಾರ. ಕಂಬಕ್ಕ ಮೊದಲು ಡಬ್ಬಿ ಚುಚ್ಚಬೇಕು, ಡಬ್ಬಿಗೆ ಗಾಡಿ ವಾಯರ್. ಅರ್ಥ್ ಅದನೋ, ವಾಯರ್ ಅದಲು ಬದಲಾಗೇದನೋ, ನ್ಯೂಟ್ರಲ್ ಗಟ್ಟಿ ಅದನೋ ಎಲ್ಲಾ ನೋಡ್ತದ. ಸಾಮಾನ್ಯವಾಗಿ 104 ವೋಲ್ಟಿಗಿಂತ ಕೆಳಗ ಇಳದ್ರೂ 132ರ ಮ್ಯಾಲೆ ಏರಿದ್ರೂ ಕರೆಂಟ್ ಕಡದುಬಿಡ್ತದ. ಎಲ್ಲಾ ಸರಿ ಅದ ಅಂದ್ರೂ ಕೂಡಲೆ ಬಿಡೂದಿಲ್ಲ, ಏಸಿ ಕಂಪ್ರೆಸರಿನ ಒಳಗಿನ ಒತ್ತಡ ಸಮ ಆಗ್ಲಿ ಅಂತ ಸುಮಾರು ಎರಡು ನಿಮಿಷ ತನಕ ಕಾಯ್ತದ. ನಮ್ಮ ಸ್ಟೆಬಿಲೈಸರೂ ಕರೆಂಟ್ ಬಂದ ಮ್ಯಾಲೆ ಒಂದಿಷ್ಟು ತಡದು ಫ್ರಿಡ್ಜಿಗೆ ಬಿಡ್ತದಲ್ಲ, ಕಾರಣ ಒಂದೇ.

ಈ ಸಲ ಹೋಗೋ ಅಕ್ಕಂದ್ರು, ವೈನಿಗೋಳು ಇಷ್ಟು ನೆನಪಿಡ್ರಿ. ಬಾಡಿಗಿ ಗಾಡಿ ಹಿಡಿಯೂ ಮುಂದ ಈ ಡಬ್ಬಿ ಅದನೋ ಇಲ್ಲೋ ಅಂತ ಮಕ್ಕಳಿಗೆ ಕೇಳಲಿಕ್ಕೆ ಹೇಳ್ರಿ. ಬರೇ ಸರ್ಜ್ ಪ್ರೊಟೆಕ್ಟರ್ ಇದ್ರ ಅರ್ಧ ಕಾವಲು ಅಷ್ಟ. ಪ್ಲಗ್ ಹಚ್ಚೂ ಮುಂದ, ತಗೀಯೂ ಮುಂದ ಕಂಬದ ಬ್ರೇಕರ್ ಬಂದ್ ಇರಬೇಕು. 30 ಆಂಪಿಯರ್ ಗಾಡಿಯೊಳಗ ಏಸಿ ಹಚ್ಚಿದಾಗ ಮೈಕ್ರೋವೇವೂ ಹೇರ್ ಡ್ರೈಯರೂ ಕೂಡೇ ಹಚ್ಚಬ್ಯಾಡ್ರಿ, 3,600 ವ್ಯಾಟ್ ದಾಟ್ತದ. ತಾಸಿಗೊಮ್ಮೆ ಪ್ಲಗಿನ ಹೊರಮೈ ಕೈಲೆ ನೋಡ್ರಿ, ಸುಡ್ಲಿಕ್ಕತ್ತಿದ್ರ ಏಸಿ ಆರಿಸಿ ಬ್ರೇಕರ್ ಇಳಸ್ರಿ. ಬಾಗಲಾ ಮುಟ್ಟಿದಾಗ ಸಣ್ಣಗ ಜುಮ್ ಅಂದ್ರೂ “ಏನೋ ಚಳಿಗೆ ಹಂಗಾತು” ಅಂತ ಬಿಡಬ್ಯಾಡ್ರಿ. ಹೊರಗಿದ್ದವ್ರು ಗಾಡಿ ಮುಟ್ಟಬಾರದು, ಒಳಗಿದ್ದವ್ರು ಇಳೀಬಾರದು, ಮಕ್ಕಳನ್ನ ದೂರ ನಿಲ್ಲಿಸಿ ಕಂಬದ ಬ್ರೇಕರ್ ಮೊದಲು ಬಂದ್ ಮಾಡಬೇಕು.

ಹೊಸಾ ಬಾವಿ ನೀರು ಕುಡಿಯೂ ಮುಂದ ನಮ್ಮ ಹಿರೇರು ಒಂದು ತಂಬಗಿ ಸೇದಿ, ಬೆಳಕಿಗೆ ಹಿಡದು ನೋಡ್ತಿದ್ರು. ಹೊಸಾ ಕಂಬದ ಕರೆಂಟಿಗೂ ಅಷ್ಟು ಪುರಸೊತ್ತು ಕೊಟ್ರ ಸಾಕು.